ಎಂ.ಬಿ. ಪುಸ್ತಕದ ಎಂಟು ಪುಟ: ನನ್ನ ಅನುಭವ

"ಎಂ.ಬಿ. ಪುಸ್ತಕ ಯಾರಿಗೂ ತೋರಸಂಗಿಲ್ಲ ಬಿಡ್ರಿ. ಸುಮ್ನೆ ಬಸ್ ಚಾರ್ಜ್ ಕಳಕೊಳ್ತೀರಿ."

ಕಾಮಗಾರಿಯ ಅಳತೆ ಬರೆದಿಡುವ ಎಂ.ಬಿ. (ಮೆಷರ್‌ಮೆಂಟ್ ಬುಕ್) ಪುಸ್ತಕದ ಬಗ್ಗೆ ಹೀಗೆ ಹೇಳಿದವರು ಕಚೇರಿಯವರಲ್ಲ. ಹತ್ತು ಹನ್ನೆರಡು ವರ್ಷದಿಂದ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾ ಬಂದಿರುವ ಕಲಬುರಗಿಯ ನಮ್ಮದೇ ಗೆಳೆಯರು. ಈಗ ಅವರೇ ಫೋನ್ ಮಾಡಿ ನನ್ನ ಅರ್ಜಿಯ ಝೆರಾಕ್ಸ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ಮಾಹಿತಿ ಹಕ್ಕು ಕಾಯ್ದೆಯ ಕಲಂ 6(1) ಅಂದರೇನು, 30 ದಿನ ಎಲ್ಲಿಂದ ಎಣಿಸಬೇಕು ಅನ್ನೋದನ್ನೆಲ್ಲ ಇಲ್ಲಿ ಹೇಳೋದಿಲ್ಲ. ಅದು ನಿಮಗೆ ಗೊತ್ತು.

ವಿಷಯ ಸಣ್ಣದು. ಯಾದಗಿರಿ ಜಿಲ್ಲೆಯ ನಮ್ಮೂರಲ್ಲಿ ಒಂದು ಸಿ.ಸಿ. ರಸ್ತೆ ಆಯಿತು. ಅಗಸಿಯಿಂದ ಹನುಮಪ್ಪನ ಗುಡಿವರೆಗೆ ಅಂತ ಬೋರ್ಡಿನಲ್ಲಿತ್ತು. ರಸ್ತೆ ಗುಡಿ ಮುಟ್ಟಲೇ ಇಲ್ಲ, ಸೇದುವ ಬಾವಿ ಹತ್ತಿರ ನಿಂತುಬಿಟ್ಟಿತು. ಬಿಲ್ ಮಾತ್ರ ಪೂರ್ತಿ ಆಗಿದೆ ಅಂತ ಕೆಲಸ ಮಾಡಿದ ಮೇಸ್ತ್ರಿಯೇ ಹೇಳಿದ. ಯಾವ ಇಲಾಖೆ, ಯಾವ ಕಚೇರಿ ಅನ್ನೋದು ಬೇಡ. ಕೆಲಸ ಆಗಿದೆಯಲ್ಲ.

2022ರಲ್ಲಿ, ತೊಗರಿ ರಾಶಿ ಮುಗಿದ ಮೇಲೆ, ಮೊದಲ ಅರ್ಜಿ ಬರೆದೆ. ಎರಡು ಪುಟ, 14 ಪ್ರಶ್ನೆ. ರಸ್ತೆ ಅರ್ಧಕ್ಕೆ ಯಾಕೆ ನಿಂತಿದೆ, ಹೊಣೆ ಯಾರು, ಏನು ಕ್ರಮ ತಗೊಂಡಿದ್ದೀರಿ. ಬರೆಯುವಾಗ ಭಾರಿ ಖುಷಿ, ಸಿಟ್ಟೆಲ್ಲ ಕಾಗದಕ್ಕೆ ಇಳಿದಿತ್ತು. ಸುಮಾರು 28ನೇ ದಿನ ಹಿಂಬರಹ ಬಂತು. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಅನ್ನೋ ನಮ್ಮ ರಾಜ್ಯದ ನಿಯಮ ತೋರಿಸಿ ವಾಪಸ್ ಕಳಿಸಿದ್ದರು. 'ಯಾಕೆ' ಅನ್ನೋದಕ್ಕೆ ದಾಖಲೆ ಇರೋದಿಲ್ಲ, ಅದು ಮಾಹಿತಿಯಲ್ಲ ಅಂತಲೂ ಬರೆದಿದ್ದರು. ಹೊಟ್ಟೆ ಉರಿಯಿತು. ಆದರೆ ಅವರು ಹೇಳಿದ್ದು ಸರಿ ಇತ್ತು.

ಎರಡನೇ ಸಲ ಗೆಳೆಯರ ಮಾತು ಕೇಳಿದೆ. "ಸದರಿ ಕಾಮಗಾರಿಯ ಸಂಪೂರ್ಣ ಕಡತದ ದೃಢೀಕೃತ ನಕಲು" ಅಂತ ಒಂದೇ ಸಾಲು. ಇದು ನಮ್ಮಲ್ಲಿ ಎಲ್ಲರೂ ಹಾಕುವ ಅರ್ಜಿ. ಉತ್ತರವೂ ಒಂದೇ ಸಾಲು: 940 ಪುಟ, ಪುಟಕ್ಕೆ 2 ರೂಪಾಯಿಯಂತೆ 1,880 ಕಟ್ಟಿ. ಕಟ್ಟಿದೆ. ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದೆ. ಮನೆಗೆ ಬಂದು ಬಿಚ್ಚಿದರೆ ಟೆಂಡರ್ ಷರತ್ತುಗಳೇ ಮುನ್ನೂರು ಪುಟ. ಒಂದೇ ಪತ್ರದ ನಾಲ್ಕು ನಾಲ್ಕು ಪ್ರತಿ. ತುಂಬದ ಖಾಲಿ ನಮೂನೆಗಳು, ಅವಕ್ಕೂ ದೃಢೀಕರಣದ ಸೀಲು. ಎಂ.ಬಿ. ಮಾತ್ರ ಇಲ್ಲ. ಎಂ.ಬಿ. ಕಡತದೊಳಗೆ ಇರುವ ಕಾಗದವಲ್ಲ, ಅದು ಬೇರೆಯೇ ಪುಸ್ತಕ, ಬಹಳ ದಿನ ಎಂಜಿನಿಯರರ ಚೀಲದಲ್ಲೇ ಓಡಾಡುತ್ತದೆ ಅನ್ನೋದು ಆಗ ತಲೆಗೆ ಹೋಗಿರಲಿಲ್ಲ. "ಇದನ್ನ ತೂಕಕ್ಕ ಹಾಕಿದ್ರ ಎಷ್ಟ್ ಬರ್ತದ ಕೇಳ್ರಿ" ಅಂದಳು ನನ್ನಾಕೆ. ಹಾಕಲಿಲ್ಲ. ಮಗ ಹಿಂದಿನ ಮಗ್ಗುಲಲ್ಲಿ ಲೆಕ್ಕ ಮಾಡಲು ಇಟ್ಟುಕೊಂಡ.

ಮೂರನೆಯದು, ನೇರ ಎಂ.ಬಿ. ನಕಲು ಕೊಡಿ ಅಂತ. ಇದರಲ್ಲಿ ಬಿದ್ದ ಪೆಟ್ಟು ದೊಡ್ಡದು. ಕಲಬುರಗಿಯಿಂದ ಯಾದಗಿರಿ ಬೇರೆ ಜಿಲ್ಲೆಯಾಯಿತು. ಆಮೇಲೆ ಶಹಾಪುರದಿಂದ ವಡಗೇರಾ, ಸುರಪುರದಿಂದ ಹುಣಸಗಿ, ಯಾದಗಿರಿಯಿಂದ ಗುರುಮಠಕಲ್ ತಾಲೂಕುಗಳು ಬೇರೆಯಾದವು. ಕಚೇರಿ ಒಡೆದಾಗೆಲ್ಲ ಕಡತಗಳು ಟ್ರ್ಯಾಕ್ಟರ್ ಹತ್ತುತ್ತವೆ. "ಆ ಪುಸ್ತಕ ಇಲ್ಲಿಲ್ರೀ ಸರ, ಹಳೆ ಆಫೀಸಿನ್ಯಾಗೇ ಉಳದದ" ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ? ನನ್ನ ಅರ್ಜಿ ಕಲಂ 6(3)ರಡಿ ವರ್ಗಾವಣೆಯಾಗುತ್ತಾ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ ಮೊದಲಿನ ಟೇಬಲ್ಲಿಗೇ ವಾಪಸ್ ಬಂತು. ಕೊನೆಗೆ "ಲಭ್ಯವಿಲ್ಲ". ಆ ಹೊತ್ತಿಗೆ ಸುಮಾರು ಐದು ತಿಂಗಳು ಹೋಗಿತ್ತು.

ಅದರ ವಿರುದ್ಧ ಹಾಕಿದ ಮೊದಲ ಮೇಲ್ಮನವಿಯ ವಿಚಾರಣೆ 2024ರ ಮೇ ತಿಂಗಳಲ್ಲಿ ಬಿತ್ತು. ಬಿಸಿಲಿಗೆ ನಮ್ಮ ಕಡೆ ಏಪ್ರಿಲ್ ಮೇನಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆವರೆಗೆ ಮಾತ್ರ. ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ, ಗೊತ್ತಿಲ್ಲದ ಮಾತಲ್ಲ. ನೋಟಿಸಿನಲ್ಲಿ 11 ಗಂಟೆ ಅಂತಿತ್ತು. ಬಸ್ ಕೆಟ್ಟು ನಾನು ಮುಟ್ಟಿದಾಗ ಎರಡು ಗಂಟೆ. ಬಾಗಿಲಿಗೆ ಬೀಗ, ಹೊರಗೆ ಬೇವಿನ ಗಿಡದ ಕೆಳಗೆ ಕಾವಲುಗಾರ ಮಲಗಿದ್ದ. ಅರ್ಜಿದಾರರು ಗೈರುಹಾಜರು ಅಂತ ಬರೆದು ವಜಾ ಮಾಡಿದರು. 90 ದಿನದೊಳಗೆ ಎರಡನೇ ಮೇಲ್ಮನವಿ ಹಾಕಿ ಮಾಹಿತಿ ಆಯೋಗದ ಕಲಬುರಗಿ ಪೀಠಕ್ಕೆ ಕಳಿಸಿದೆ. ಅದರ ಸರದಿ ಯಾವಾಗ ಬರುತ್ತೋ, ಅದರ ಪಾಡಿಗೆ ಅದಿರಲಿ ಅಂತ ಬಿಟ್ಟೆ.

ದಾರಿ ಸಿಕ್ಕಿದ್ದು ಆ ಗೊಬ್ಬರದ ಚೀಲದಲ್ಲೇ. ಒಂದು ರಾತ್ರಿ ಮಗ ಲೆಕ್ಕ ಮಾಡಿದ ಹಾಳೆ ತಿರುಗಿಸಿ ನೋಡಿದರೆ ಅದು ಬಿಲ್ಲಿನ ಹಾಳೆ. ಮೂಲೆಯಲ್ಲಿ ಕೈಯಿಂದ ಬರೆದಿದ್ದಾರೆ: ಎಂ.ಬಿ. 37, ಪುಟ 64–71. ಎರಡು ವರ್ಷದಿಂದ ಮನೆಯಲ್ಲೇ ಬಿದ್ದಿತ್ತು! ಬಿಲ್ ಪಾಸಾಗಬೇಕಾದರೆ ಯಾವ ಪುಸ್ತಕದ ಯಾವ ಪುಟದ ಅಳತೆ ಅಂತ ಬರೆಯಲೇಬೇಕು. ನಾನು ಇಷ್ಟು ದಿನ ಕೇಳಿದ್ದು ಹೆಸರಿಲ್ಲದ ಕಾಗದ. ಹೆಸರಿಲ್ಲದ್ದನ್ನು 'ಲಭ್ಯವಿಲ್ಲ' ಅನ್ನೋದು ಸುಲಭ. ನಂಬರ್ ಇದ್ದದ್ದನ್ನು ಹಾಗೆ ಅನ್ನೋದು ಕಷ್ಟ.

ಆದರೂ ಆ ನಂಬರ್ ಹಿಡಿದು ಓಡಿಹೋಗಲಿಲ್ಲ. ಮೊದಲು ಒಂದು ಬಡಪಾಯಿ ಅರ್ಜಿ ಹಾಕಿದೆ. ಕಚೇರಿಯಲ್ಲಿ ಎಂ.ಬಿ. ಪುಸ್ತಕಗಳದ್ದೇ ಒಂದು ರಿಜಿಸ್ಟರ್ ಇರುತ್ತದೆ. ಯಾವ ನಂಬರಿನ ಪುಸ್ತಕ ಯಾರಿಗೆ ಕೊಟ್ಟರು, ಯಾವಾಗ ವಾಪಸ್ ಬಂತು ಅಂತ. ಅದರಲ್ಲಿ 37ನೇ ನಂಬರ್ ಇರುವ ಪುಟದ ನಕಲು ಸಾಕು ಅಂದೆ. ರಸ್ತೆಯ ಹೆಸರಿಲ್ಲ, ಊರಿನ ಹೆಸರಿಲ್ಲ, ಗುತ್ತಿಗೆದಾರನ ಸುದ್ದಿಯೇ ಇಲ್ಲ. ಅದನ್ನು ನೋಡಿ ಯಾರೂ ಹೆದರಲಿಲ್ಲ. ಸುಮಾರು 19 ದಿನಕ್ಕೆ ಎರಡು ಪುಟ ಬಂತು, 4 ರೂಪಾಯಿ. ಪುಸ್ತಕ ಕಚೇರಿಗೆ ವಾಪಸ್ ಬಂದಿದೆ, ತಾರೀಕಿದೆ, ಸಹಿಯಿದೆ. ಅಂದರೆ ಹಳೆ ಆಫೀಸಿನಲ್ಲಿ ಉಳಿದಿಲ್ಲ, ಇವರದೇ ಅಲ್ಮಾರಿಯಲ್ಲಿದೆ.

ಅದರ ಮುಂದಿನ ಅರ್ಜಿಯಲ್ಲಿ ನೇರ ನಕಲು ಕೇಳಲಿಲ್ಲ. ಕಲಂ 2(ಜೆ) ಪ್ರಕಾರ ಪರಿವೀಕ್ಷಣೆ, ಅಂದರೆ ಪುಸ್ತಕವನ್ನು ಕಚೇರಿಯಲ್ಲೇ ಕಣ್ಣಾರೆ ನೋಡಲು ಕೇಳಿದೆ. "ಎಂ.ಬಿ. ಸಂಖ್ಯೆ 37, ಪುಟ 64ರಿಂದ 71ರವರೆಗೆ ಪರಿವೀಕ್ಷಿಸಿ, ಬೇಕಾದ ಪುಟಗಳ ದೃಢೀಕೃತ ನಕಲು ಅಂದೇ ಪಡೆಯಲು ದಿನ ಮತ್ತು ಸಮಯ ತಿಳಿಸಿ." ಜೊತೆಗೆ ಆ ರಿಜಿಸ್ಟರ್ ಪುಟವನ್ನೇ ಪಿನ್ ಮಾಡಿದೆ. ಈಗ ಇಲ್ಲ ಅಂದರೆ ಪುಸ್ತಕ ಕಳೆದಿದೆ ಅಂತ ಲೆಕ್ಕ. ಕಳೆದರೆ 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮ ಇದೆ ಅಂತ ಕೆಳಗೆ ಅರ್ಧ ಸಾಲು. ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಅದನ್ನು ಇಲ್ಲಿ ಬರೆಯೋದಿಲ್ಲ. ಇದನ್ನು ಓದುವವರಲ್ಲಿ ಟೇಬಲ್ಲಿನ ಆ ಕಡೆ ಕೂತವರೂ ಇರುತ್ತಾರಲ್ವಾ.

ಗೆಳೆಯರಿಗೆ ಇದು ಹಿಡಿಸಲಿಲ್ಲ. ಪರಿವೀಕ್ಷಣೆ ಅಂದರೆ ಚಹಾ ಕುಡಿಸಿ ಕಳಿಸ್ತಾರೆ, ಕೈಗೆ ಕಾಗದ ಬರಲ್ಲ ಅಂದರು. ಚಹಾ ಕುಡಿಸಿದ್ದು ನಿಜ. ಆದರೆ ನಾನು ಒಬ್ಬನೇ ಹೋಗಿರಲಿಲ್ಲ. ಸಿವಿಲ್ ಡಿಪ್ಲೊಮಾ ಮಾಡಿದ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಎಂ.ಬಿ. ಓದಲು ಬರದವರು ಒಬ್ಬರೇ ಹೋಗಬೇಡಿ.

ಕ್ಲಾರ್ಕ್ ಅಲ್ಮಾರಿ ತೆಗೆದು, ಪುಸ್ತಕವನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಮುಂದಿಟ್ಟ. ಮೂಲೆ ಸವೆದ ರಟ್ಟು, ಪುಟಕ್ಕೆಲ್ಲ ಅಚ್ಚಿನ ನಂಬರು. ಮೊದಲ ಎರಡು ಪುಟದಲ್ಲಿ ಏನೂ ಇಲ್ಲ, ಅಗೆತ, ಮುರ್ರಂ. 66ನೇ ಪುಟದಲ್ಲಿ ಹುಡುಗ ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿದ. 182.00 × 3.00 × 0.15 = 81.90. ಮೀಟರಿನಲ್ಲಿ ಉದ್ದ, ಅಗಲ, ದಪ್ಪ. ಹಿಂದಿನ ದಿನವಷ್ಟೇ ನಾವಿಬ್ಬರೂ ಟೇಪು ಹಿಡಿದು ಅಳೆದಿದ್ದೆವು. ಅಗಸಿಯಿಂದ ಬಾವಿವರೆಗೆ 131 ಮೀಟರ್. ನಾನು ಒಂದು ಮಾತೂ ಆಡಲಿಲ್ಲ. ಎಂಟೂ ಪುಟದ ನಕಲು ಕೊಡ್ರಿ ಅಂದೆ, 16 ರೂಪಾಯಿ. ರಸೀದಿ ಪುಸ್ತಕದ ಕೀಲಿ ಇನ್ನೊಬ್ಬರ ಹತ್ತಿರ ಅಂತ ಮುಕ್ಕಾಲು ಗಂಟೆ ಕೂರಿಸಿದರು. ಕೂತೆ. ರಸೀದಿ ಇಲ್ಲದೆ ಎದ್ದು ಬರಬೇಡಿ.

ದುಡ್ಡಿನ ಲೆಕ್ಕ ಕೇಳುತ್ತೀರಿ. ಒಟ್ಟು ಮೂರು ಸಾವಿರದ ಮೇಲೆ ಹೋಗಿದೆ. ಆ 1,880, ಬಸ್ಸಿಗೆ ಏಳೆಂಟು ನೂರು, ಉಳಿದದ್ದು ಅಂಚೆ, ಝೆರಾಕ್ಸ್. ಕೆಲಸ ಮಾಡಿದ್ದು ಕೊನೆಯ ಎರಡು ಅರ್ಜಿ: 10 ಮತ್ತು 4, 10 ಮತ್ತು 16. ನಲವತ್ತು ರೂಪಾಯಿ.

ನಡುವೆ ಸುಮ್ನಿರಲಾರದೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಂದೇ ಅರ್ಜಿಯನ್ನು ಅಂಚೆಯಲ್ಲಿ ಒಂದು, ಕೈಯಲ್ಲಿ ಒಂದು, ಆನ್‌ಲೈನಿನಲ್ಲಿ ಒಂದು ಹಾಕಿ ನೋಡಿದೆ. ಆನ್‌ಲೈನಿನಲ್ಲಿ ನನಗೆ ಬೇಕಾದ ಕಚೇರಿಯ ಹೆಸರೇ ಸಿಗಲಿಲ್ಲ. ಅಂಚೆಯದ್ದು ಪೋಸ್ಟಲ್ ಆರ್ಡರಿನಲ್ಲಿ ಹೆಸರು ತಪ್ಪಿದೆ ಅಂತ ವಾಪಸ್. ಟಪಾಲು ಶಾಖೆಯಲ್ಲಿ ಕೈಯಾರೆ ಕೊಟ್ಟು, ನಗದು ಕಟ್ಟಿ, ಸೀಲು ಹಾಕಿಸಿಕೊಂಡದ್ದೇ ಗಟ್ಟಿ. ಆ ಸೀಲಿನಿಂದ ಇನ್ನೊಂದು ಲಾಭವಾಯಿತು. ಬೇರೊಂದು ಅರ್ಜಿಯಲ್ಲಿ 30 ದಿನ ಮೀರಿದ್ದು ಸಾಬೀತಾಗಿ, 7(6)ರಡಿ ನಾನೂರು ಚಿಲ್ಲರೆ ಪುಟ ಪುಕ್ಕಟೆ ಬಂತು. ಹೆಂಡತಿ ಹೆಸರಲ್ಲೂ ಒಂದು ಹಾಕಿದೆ. ನನ್ನದಕ್ಕಿಂತ ವಾರ ಮೊದಲೇ ಉತ್ತರ ಬಂತು. ಯಾಕೋ ಗೊತ್ತಿಲ್ಲ, ಮನೆಯಲ್ಲಿ ಮಾತ್ರ ಈಗಲೂ ಆ ಸುದ್ದಿ ನಡೆಯುತ್ತದೆ.

ಇನ್ನೊಂದು, ಊರ ಕೆರೆಯದ್ದು. ಒತ್ತುವರಿ ನೋಡೋಣ ಅಂತ ಖಾಸ್ರಾ ಪಹಣಿ, ಅಂದರೆ ಹಳೆಯ ಜಮೀನು ದಾಖಲೆ, ತೆಗೆಸಿದೆ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವಲ್ಲ, ಕಾಗದವೆಲ್ಲ ಉರ್ದು. ಕಲಬುರಗಿಯಲ್ಲಿ ನಿವೃತ್ತ ಉರ್ದು ಮೇಷ್ಟ್ರು ಒಬ್ಬರು ಓದಿ ಹೇಳಿದರು, ದುಡ್ಡು ಮುಟ್ಟಲಿಲ್ಲ, ಮಂಡಾಳ ಒಗ್ಗರಣೆ ತಿನ್ನಿಸಿ ಕಳಿಸಿದರು. ಅಂಕಿಗಳನ್ನು ಅವರ ಹತ್ತಿರವೇ ಕಲಿತೆ. ಉರ್ದುವಿನಲ್ಲಿ ಸೊನ್ನೆ ಅಂದರೆ ಬರೀ ಚುಕ್ಕಿ, ಐದು ನೋಡಲು ನಮ್ಮ ಸೊನ್ನೆ ತರ. ಅವರನ್ನು ಕೇಳುವ ಮೊದಲು ನಾನೇ ಓದಿ, 15 ಗುಂಟೆಯನ್ನು 10 ಅಂತ ಬರೆದು ಕೆರೆಯನ್ನು ನಾನೇ ಒತ್ತುವರಿ ಮಾಡಿದ್ದೆ. ಆ ಕೆಲಸ ಇನ್ನೂ ನಡೆದಿದೆ.

ಈಗ ಒಂದು ಎಚ್ಚರಿಕೆ ಜಾಸ್ತಿ ಬೇಕು. 2025ರ ನವೆಂಬರಿನಿಂದ ವೈಯಕ್ತಿಕ ಮಾಹಿತಿ ಕೊಡದಿರಲು ಬಿಡುವ ಕಲಂ 8(1)(ಜೆ) ಬದಲಾಗಿದೆ. ವೈಯಕ್ತಿಕ ಮಾಹಿತಿ ಅಂತ ಒಂದು ಪದ ಬರೆದು ಬಾಗಿಲು ಹಾಕುವುದು ಮೊದಲಿಗಿಂತ ಸುಲಭ. ಹಾಗಾಗಿ ನಾನು ಹೆಸರು ಕೇಳುವುದನ್ನೇ ಬಿಟ್ಟಿದ್ದೇನೆ. ಉದ್ದ, ಅಗಲ, ದಪ್ಪ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ.

ಆ ಎಂಟು ಪುಟ ಮತ್ತು ನಮ್ಮ ಟೇಪಿನ ಫೋಟೋ ಸೇರಿಸಿ ಮೇಲಿನ ಕಚೇರಿಗೆ ಒಂದು ತಕರಾರು ಕೊಟ್ಟೆ. ಹದಿನೈದು ದಿನಕ್ಕೆ ಬೆಳಿಗ್ಗೆ ಐದಕ್ಕೆ ಓಣಿಯಲ್ಲಿ ಕಾಂಕ್ರೀಟ್ ಮಿಕ್ಸರ್ ಸದ್ದು. ಸಂಜೆಯೊಳಗೆ ರಸ್ತೆ ಹನುಮಪ್ಪನ ಗುಡಿ ಮುಟ್ಟಿತು. ಗುತ್ತಿಗೆದಾರ ಮನೆ ಮುಂದೆ ಬಂದು ನಿಂತ. "ಅಣ್ಣಾವ್ರೇ, ಒಂದ್ ಮಾತ್ ಹೇಳಿದ್ರ ಮಾಡಿಕೊಡ್ತಿದ್ದೆ. ಇಷ್ಟೆಲ್ಲ ಯಾಕ ಬೇಕಿತ್ರೀ?" ಮರುದಿನ ಅಂಚಿನಲ್ಲಿ ಸ್ಕೇಲ್ ಇಟ್ಟು ನೋಡಿದೆ. ನಾಲ್ಕೂವರೆ ಇಂಚು ಇತ್ತು. ಪುಸ್ತಕದಲ್ಲಿರುವ 0.15 ಅಂದರೆ ಆರು ಇಂಚು.

ಮೊನ್ನೆ ಕಲಬುರಗಿ ಪೀಠದಿಂದ ಆ ಎರಡನೇ ಮೇಲ್ಮನವಿಯ ನೋಟಿಸ್ ಬಂತು. ಎಂ.ಬಿ. ಪುಸ್ತಕ ಲಭ್ಯವಿಲ್ಲ ಎಂಬ ಹಿಂಬರಹದ ಬಗ್ಗೆ ವಿಚಾರಣೆಯಂತೆ. ಈ ಸಲ ಹಿಂದಿನ ರಾತ್ರಿಯೇ ಹೋಗಿ ಅಕ್ಕನ ಮನೆಯಲ್ಲಿ ಉಳಿಯುತ್ತೇನೆ. ಎಂಟೂ ಪುಟ ಚೀಲದಲ್ಲಿವೆ.