ಹಳೇ ಎಂಜಿಬಿ ಜಿಟಿ ಮತ್ತು ಹಿಂದಿನವರ ರಿಪೇರಿಗಳು

ಅಯಸ್ಕಾಂತ ಅಂಟಲಿಲ್ಲ. ಕಾರಿನ ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿ, ಅಂದರೆ ಸಿಲ್ ಮೇಲೆ ಇಟ್ಟೆ, ಜಾರಿ ಬಿತ್ತು. ಒಂದು ಗೇಣು ಹಿಂದೆ ಇಟ್ಟೆ, ಅಲ್ಲೂ ಬಿತ್ತು. ಕಬ್ಬಿಣದ ತಗಡು ಇರಬೇಕಾದ ಕಡೆ ಅಯಸ್ಕಾಂತ ಹಿಡಿಯಲಿಲ್ಲ ಅಂದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿದೆ. ಮುಂದಿನ ರೆಕ್ಕೆ, ಅಂದರೆ ಚಕ್ರದ ಮೇಲಿನ ತಗಡು, 'ಟಣ್' ಅಂದಿತು, ಸಿಲ್ 'ದಬ್' ಅಂದಿತು. ಮೇಲೆ ಮಾತ್ರ ಕನ್ನಡಿ ಹಾಗೆ ಹೊಳೆಯುವ ಕಡುಹಸಿರು ಪೇಂಟ್. ಅಷ್ಟು ಹೊತ್ತಿಗೆ ನಾನು ದುಡ್ಡು ಕೊಟ್ಟು ಕಾರನ್ನು ಮನೆಗೆ ತಂದಾಗಿತ್ತು. ಅಯಸ್ಕಾಂತವನ್ನು ಕೊಳ್ಳುವ ಮುಂಚೆ ಜೇಬಿನಲ್ಲಿಟ್ಟುಕೊಂಡು ಹೋಗಬೇಕಿತ್ತು, ಅಲ್ವಾ?

ಕಾರು 1970ರ ಎಂಜಿಬಿ ಜಿಟಿ, ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು. ಎಂಜಿಬಿ 1962ರಲ್ಲಿ ತೆರೆದ ಕಾರಾಗಿ ಬಂತು. 1965ರಲ್ಲಿ ಅದಕ್ಕೆ ಗಟ್ಟಿ ಛಾವಣಿ ಹಾಕಿ, ಹಿಂದೆ ಮೇಲಕ್ಕೆತ್ತುವ ಬಾಗಿಲಿಟ್ಟು ಜಿಟಿ ಮಾಡಿದರು. ಆ ಛಾವಣಿಯ ವಿನ್ಯಾಸದಲ್ಲಿ ಇಟಲಿಯ ಕಾರು ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾ ಕೈಯಿದೆ. ಕಾರನ್ನು ಪಕ್ಕದಿಂದ ನೋಡಿದರೆ ನಾನು ಯಾಕೆ ಮರುಳಾದೆ ಅಂತ ಗೊತ್ತಾಗುತ್ತದೆ. ಎಂಜಿನ್ 1798 ಸಿಸಿ, ನಾಲ್ಕು ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಕಾರ್ಬೊರೇಟರ್, ಸುಮಾರು 95 ಕುದುರೆ ಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದೇನೂ ದೊಡ್ಡದಲ್ಲ. ಆದರೆ ಬಾನೆಟ್ ಎತ್ತಿದರೆ ಕೈ ಹಾಕಲು ಜಾಗ ಇದೆ. ಕಂಪ್ಯೂಟರ್ ಇಲ್ಲ. ಬಿಡಿಭಾಗ ಬೇಕಾದಷ್ಟು ಸಿಗುತ್ತವೆ. 1988ರಿಂದ ಎಂಜಿಬಿಯ ಇಡೀ ಬಾಡಿ ಶೆಲ್ಲನ್ನೇ ಹೊಸದಾಗಿ ಮಾಡಿ ಮಾರಿದ್ದಾರೆ. ಮನೆಯಲ್ಲೇ ಕೂತು ರಿಪೇರಿ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ ಸ್ಪೋರ್ಟ್ಸ್ ಕೂಪೆ ಸಿಗುವುದು ಕಷ್ಟ.

ಮೂರು ವರ್ಷ ಹಿಡಿಯಿತು. ಆ ಮೂರು ವರ್ಷದಲ್ಲಿ ನಾನು ಕಾರನ್ನು ರಿಪೇರಿ ಮಾಡಿದ್ದು ಕಡಿಮೆ. ಹಿಂದಿನ ಯಜಮಾನರುಗಳು ಮಾಡಿದ್ದ ರಿಪೇರಿಯನ್ನು ರಿಪೇರಿ ಮಾಡಿದ್ದೇ ಜಾಸ್ತಿ.

ಸಿಲ್‌ನಿಂದಲೇ ಶುರು ಮಾಡಿದೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಸಿಲ್ ಮೂರು ಪದರದ ಪೆಟ್ಟಿಗೆ. ಹೊರಗೊಂದು ತಗಡು, ಒಳಗೊಂದು, ನಡುವೆ ಒಂದು ಪರದೆ. ಅದರಡಿ ಕೋಟೆಗೋಡೆಯ ತೆನೆಗಳಂತೆ ಮಡಚಿದ ಇನ್ನೊಂದು ಪಟ್ಟಿ. ಕಾರಿನ ಬೆನ್ನುಮೂಳೆ ಅಂದರೆ ಇದೇ. ಮುಂದಿನ ಚಕ್ರ ಎರಚಿದ ಕೆಸರು ರೆಕ್ಕೆಯ ಒಳಗೆ ಕೂತು, ಒದ್ದೆಯಾಗಿಯೇ ಉಳಿದು, ಅಲ್ಲಿಂದ ಸಿಲ್‌ಗೆ ತುಕ್ಕು ಇಳಿಯುತ್ತದೆ. ಹಿಂದಿನವರು ಏನು ಮಾಡಿದ್ದರು ಗೊತ್ತಾ? ಕೊಳೆತ ಸಿಲ್ ಮೇಲೇ ಹೊಸ ತಗಡು ಹೊದಿಸಿ, ಅಂಚಿಗೆ ಪುಟ್ಟಿ ಬಳಿದು, ಪೇಂಟ್ ಹೊಡೆದಿದ್ದರು. ಗ್ರೈಂಡರ್‌ನಲ್ಲಿ ಅದನ್ನು ಕತ್ತರಿಸಿ ತೆಗೆದಾಗ ಒಳಗಿನಿಂದ ಎರಡು ಮುಷ್ಟಿ ಕಂದು ಪುಡಿ ಸುರಿಯಿತು. ಒಂದು ಕಾಲದ ಸಿಲ್ ಅದು.

ಇಲ್ಲಿ ಅವಸರ ಮಾಡಬಾರದು. ಎರಡೂ ಕಡೆಯ ಸಿಲ್ ಒಟ್ಟಿಗೆ ಕತ್ತರಿಸಿದರೆ ಕಾರು ನಡುವೆ ಕುಸಿದು, ಬಾಗಿಲು ಆಮೇಲೆ ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಕಾರಿನ ತೂಕ ಆಕ್ಸಲ್‌ಗಳ ಮೇಲೆ ಕೂರುವ ಹಾಗೆ ಸ್ಟ್ಯಾಂಡ್ ಕೊಟ್ಟೆ. ಬಾಗಿಲಿನ ಜಾಗದಲ್ಲಿ ಅಡ್ಡಕ್ಕೆ ಕಬ್ಬಿಣದ ಪೈಪ್ ಕೊಟ್ಟು ಬಿಗಿದೆ. ಒಂದು ಸಲಕ್ಕೆ ಒಂದೇ ಕಡೆ ಕತ್ತರಿಸಿದೆ. ಹೊಸ ಸಿಲ್ ಎರಡು ತುದಿಯಲ್ಲೂ ರೆಕ್ಕೆಗಳ ಅಡಿಗೆ ಹೋಗುತ್ತದೆ. ಮುಂದಿನ ರೆಕ್ಕೆ ಬೋಲ್ಟ್‌ನದ್ದು, ಬಿಚ್ಚಬಹುದು. ಹಿಂದಿನದು ವೆಲ್ಡ್ ಆಗಿರುತ್ತದೆ, ಅದರ ಕೆಳತುದಿ ಕತ್ತರಿಸದೆ ಬೇರೆ ದಾರಿಯಿಲ್ಲ. ಕಾಣುವಷ್ಟು ಭಾಗ ಮಾತ್ರ ಬದಲಿಸಿ ಮುಗಿಸುವವರು ತುಂಬಾ ಜನ. ತುಕ್ಕು ಇರುವುದು ಕಾಣದ ಆ ಎರಡು ತುದಿಯಲ್ಲೇ.

ವೆಲ್ಡಿಂಗ್‌ಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟೆ. ಬ್ಯಾಟರಿ, ಆಲ್ಟರ್ನೇಟರ್ ಕನೆಕ್ಷನ್ ಬಿಚ್ಚಿದೆ. ಮೊದಲು ಅಲ್ಲಲ್ಲಿ ಚುಕ್ಕಿ ವೆಲ್ಡ್ ಅಷ್ಟೇ. ಆಮೇಲೆ ಪೈಪ್ ಬಿಚ್ಚಿ, ಬಾಗಿಲು ತೂಗುಹಾಕಿ, ಸುತ್ತಲಿನ ಸಂದು ಒಂದೇ ಸಮ ಇದೆಯಾ ಅಂತ ನೋಡಿದೆ. ಹಿಂದುಗಡೆ ಮೇಲ್ಭಾಗದಲ್ಲಿ ಸಂದು ಕಿರಿದಾಗಿತ್ತು. ಚುಕ್ಕಿಗಳನ್ನು ಗ್ರೈಂಡ್ ಮಾಡಿ ತೆಗೆದು, ಜ್ಯಾಕ್ ಒಂದು ಕೂದಲೆಳೆ ಏರಿಸಿ, ಮತ್ತೆ ಚುಕ್ಕಿ ಹಾಕಿದೆ. ಹೀಗೆ ನಾಲ್ಕು ಸಲ ಮಾಡಿದೆ. ಪೂರ್ತಿ ವೆಲ್ಡ್ ಮಾಡುವಾಗಲೂ ಒಂದೊಂದು ಇಂಚು ಹಾಕಿ, ಬೇರೆ ತುದಿಗೆ ಹೋಗಿ, ಮೊದಲಿನದು ತಣ್ಣಗಾದ ಮೇಲೆ ವಾಪಸ್ ಬರುತ್ತಿದ್ದೆ. ಒಂದೇ ಉಸಿರಿಗೆ ಎಳೆದರೆ ತಗಡು ಹಪ್ಪಳದ ಹಾಗೆ ಮುರುಟಿಕೊಳ್ಳುತ್ತದೆ. ಕೊನೆಗೆ ಜೋಡಣೆಗಳಿಗೆಲ್ಲ ಸೀಲರ್ ಹಚ್ಚಿ, ಪೇಂಟ್ ಹೊಡೆದು, ಸಿಲ್‌ನ ಹೊಟ್ಟೆಯೊಳಗೆ ಉದ್ದ ನಳಿಕೆಯಿಂದ ವ್ಯಾಕ್ಸ್ ಚಿಮ್ಮಿಸಿದೆ. ಬಾಗಿಲು ಮೊದಲ ಸಲ ಎರಡು ಬೆರಳಲ್ಲಿ ತಳ್ಳಿದ್ದಕ್ಕೆ 'ಟಪ್' ಅಂತ ಮುಚ್ಚಿದಾಗ ಏಳೆಂಟು ಸಲ ಸುಮ್ನೆ ತೆಗೆದು ಹಾಕಿದೆ.

ಪೇಂಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಹೊರಗೆ ಮಾಡಿಸಿದೆ. ನನ್ನ ಗ್ಯಾರೇಜಿನಲ್ಲಿ ಧೂಳಿಲ್ಲದ ಮೂಲೆ ಇಲ್ಲ.

ಬ್ರೇಕ್ ವಿಷಯಕ್ಕೆ ಬರೋಣ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಸ್ವಲ್ಪ ದೂರ ಓಡಿಸಿ ಬಂದರೆ ಮುಂದಿನ ಎಡಚಕ್ರ ಮುಟ್ಟಲಾಗದಷ್ಟು ಬಿಸಿ. ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಬಿಡದೆ ಸಿಕ್ಕಿಕೊಂಡಿದೆ ಅಂತ ತಿಳಿದು ಹೊಸದು ಹಾಕಿದೆ. ಮತ್ತೆ ಬಿಸಿ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿ ತೊಳೆದೆ. ಮತ್ತೆ ಬಿಸಿ. ಕೊನೆಗೆ ಬೇಸತ್ತು, ಆ ಆಯಿಲನ್ನು ಚಕ್ರಕ್ಕೆ ಒಯ್ಯುವ, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ರಬ್ಬರ್ ಹೋಸ್ ತೆಗೆದು ಉದ್ದಕ್ಕೆ ಸೀಳಿದೆ. ಒಳಗಿನ ರಬ್ಬರ್ ಊದಿ, ತೂತು ಸೂಜಿ ಮೊನೆಯಷ್ಟು ಉಳಿದಿತ್ತು. ಪೆಡಲ್ ತುಳಿದಾಗ ಒತ್ತಡಕ್ಕೆ ಆಯಿಲ್ ಆಚೆ ಹೋಗುತ್ತದೆ, ಕಾಲು ತೆಗೆದಾಗ ವಾಪಸ್ ಬರಲು ಒದ್ದಾಡುತ್ತದೆ. ಬ್ರೇಕ್ ಹಿಡಿದೇ ಇರುತ್ತದೆ. ಒಂದು ಮೊಳ ರಬ್ಬರ್‌ಗಾಗಿ ಎರಡು ತಿಂಗಳು ಹಾಳು. ಈಗ ಹಳೇ ಕಾರು ಯಾವುದೇ ಇರಲಿ, ರಬ್ಬರ್ ಹೋಸ್ ನೋಡಿ ತೀರ್ಮಾನ ಮಾಡುವುದೇ ಇಲ್ಲ, ಸೀದಾ ಬದಲಿಸುತ್ತೇನೆ. ಪೆಟ್ರೋಲ್ ಹೋಸ್‌ಗೂ ಇದೇ ನಿಯಮ. ಎಥನಾಲ್ ಬೆರೆಸಿದ ಪೆಟ್ರೋಲ್ ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಇನ್ನೊಂದು, ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಬ್ರೇಕ್‌ನ ಗಾಳಿ ತೆಗೆಯಲು ಎರಡು ಜನ ಬೇಕು. ಮಗಳು ಸೀಟಿನಲ್ಲಿ, ನಾನು ಚಕ್ರದ ಹತ್ತಿರ ನೆಲದ ಮೇಲೆ.

"ತುಳಿ."

"ತುಳಿದೆ."

"ಹಿಡ್ಕೋ. ಬಿಡಬೇಡ."

ಗಾಳಿ ಹೊರಬಿಡುವ ಸಣ್ಣ ತಿರುಪು, ಅಂದರೆ ಬ್ಲೀಡ್ ನಿಪ್ಪಲ್, ಕಾಲು ಸುತ್ತು ತಿರುಗಿಸಿದರೆ ಪಾರದರ್ಶಕ ಕೊಳವೆಯಲ್ಲಿ ಚಹಾ ಬಣ್ಣದ ಆಯಿಲ್, ಗುಳ್ಳೆಗಳ ಜೊತೆ. ಮುಚ್ಚಿದ ಮೇಲೆ "ಈಗ ಬಿಡು." ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ನೀರು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಬಿಸಿಯಾದಾಗ ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಆ ದಿನ ಬ್ಲೀಡ್ ನಿಪ್ಪಲ್‌ನ ಮೂಲೆಗಳೆಲ್ಲ ಸವೆದು ಉರುಟಾಗಿದ್ದವು. ಯಾರೋ ಅಳತೆ ಸೇರದ ಸ್ಪ್ಯಾನರ್ ಹಾಕಿ ತಿರುಗಿಸಿದ್ದರು. ಈ ಕಾರಿನ ಬೋಲ್ಟ್‌ಗಳು ಬಹುಪಾಲು ಇಂಚಿನ ಲೆಕ್ಕದವು. ಅರ್ಧ ಇಂಚು ಅಂದರೆ 12.7 ಎಂಎಂ. ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಬಿಗಿಯಾದ ಬೋಲ್ಟ್‌ನಲ್ಲಿ ಜಾರಿ ತಲೆ ತಿನ್ನುತ್ತದೆ. ನಾನು ಬೈದುಕೊಳ್ಳುವುದು ಕೇಳಿ ಮಗಳು ಕಿಟಕಿಯಿಂದ ಬಗ್ಗಿ, "ಅಪ್ಪಾ, ಇದನ್ನ ಯಾರು ಮಾಡಿದ್ದು?" ಅಂದಳು. ಅವತ್ತಿನಿಂದ ಅದು ಮನೆಯಲ್ಲಿ ಒಂದು ಗಾದೆಯಾಯಿತು.

ವೈರಿಂಗ್ ಅಂದರೆ ಎಲ್ಲರೂ ಆ ಕಾಲದ ಬ್ರಿಟಿಷ್ ಕಾರುಗಳಿಗೆ ವಿದ್ಯುತ್ ಭಾಗಗಳನ್ನು ಮಾಡುತ್ತಿದ್ದ ಲ್ಯೂಕಾಸ್ ಕಂಪನಿಯನ್ನು ಆಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಮೂಲ ವೈರಿಂಗ್‌ಗೆ ಒಂದು ಭಾಷೆಯಿದೆ. ಕಂದು ವೈರ್‌ನಲ್ಲಿ ಯಾವಾಗಲೂ ಕರೆಂಟ್. ಬಿಳಿಯಲ್ಲಿ ಕೀ ತಿರುಗಿಸಿದಾಗ. ಹಸಿರು ಕೀ ಮತ್ತು ಫ್ಯೂಸ್ ದಾಟಿ ಬಂದದ್ದು. ನೇರಳೆ ಫ್ಯೂಸ್ ಇರುವ ಸದಾ ಕರೆಂಟ್. ಕಪ್ಪು ಅರ್ತ್, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಇಷ್ಟು ಬಾಯಿಪಾಠ ಮಾಡಿದರೆ ಕತ್ತಲಲ್ಲೂ ದಾರಿ ಸಿಗುತ್ತದೆ. ನನ್ನ ಕಾರಿನ ಡ್ಯಾಶ್ ಕೆಳಗೆ ಇದರ ಜೊತೆಗೆ ಹನ್ನೊಂದು ಕೆಂಪು ವೈರ್‌ಗಳಿದ್ದವು, ಹಳೇ ಸ್ಟೀರಿಯೋ, ಅಲಾರಂ, ಇನ್ನೇನೇನೋ. ಎಲ್ಲವನ್ನೂ ಕಿತ್ತು ಹಾಕಿದ ಮೇಲೆ ಅರ್ಧ ತೊಂದರೆ ತಾನಾಗಿಯೇ ಹೋಯಿತು.

ಉಳಿದರ್ಧ ಅರ್ತಿನದು. ಒಂದು ದಿನ ಸೆಲ್ಫ್ ಹೊಡೆದರೆ ಸ್ಟಾರ್ಟರ್ ನರಳಿತು, ಸುಟ್ಟ ವಾಸನೆ ಬಂತು. ನೋಡಿದರೆ ಚೋಕ್ ಕೇಬಲ್ ಹೊಗೆಯಾಡುತ್ತಿದೆ! ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಎಂಜಿನ್‌ಗೂ ಬಾಡಿಗೂ ನಡುವೆ ಒಂದು ದಪ್ಪ ಹೆಣೆದ ಲೋಹದ ಪಟ್ಟಿ ಇರಬೇಕು, ಯಾರೋ ಗೇರ್‌ಬಾಕ್ಸ್ ಇಳಿಸಿದಾಗ ವಾಪಸ್ ಹಾಕಿರಲಿಲ್ಲ. ಸ್ಟಾರ್ಟರ್‌ನ ಅಷ್ಟೂ ಕರೆಂಟ್ ಪಾಪ ಆ ಸಣ್ಣ ಚೋಕ್ ಕೇಬಲ್ ಮೂಲಕ ದಾರಿ ಹುಡುಕಿಕೊಂಡಿತ್ತು. ಹೊಸ ಪಟ್ಟಿ ಹಾಕಿ, ಎರಡು ತುದಿಯಲ್ಲೂ ಪೇಂಟ್ ಕೆರೆದು ಬಿಗಿದೆ. ಸೀಟಿನ ಹಿಂದೆ ನೆಲದಡಿ ಇದ್ದ ಎರಡು 6 ವೋಲ್ಟ್ ಬ್ಯಾಟರಿಗಳ ತೊಟ್ಟಿಲುಗಳೂ ಆ್ಯಸಿಡ್‌ಗೆ ತೂತುಬಿದ್ದಿದ್ದವು. ಒಂದಕ್ಕೆ ತಳ ವೆಲ್ಡ್ ಮಾಡಿ ಒಂದೇ 12 ವೋಲ್ಟ್ ಬ್ಯಾಟರಿ ಕೂರಿಸಿದೆ.

ಎಂಜಿನ್ ಮಾತ್ರ ಗಟ್ಟಿ. ಆದರೆ ಮಿಸ್ಸಿಂಗ್ ಹೊಡೆಯುತ್ತಿತ್ತು, ಮತ್ತು ನಾನು ಎಲ್ಲರ ಹಾಗೆ ಕಾರ್ಬೊರೇಟರ್‌ಗೆ ಕೈ ಹಾಕಿದೆ. ಒಂದು ವಾರ ತಿರುಪಿದೆ. ತಪ್ಪಿದ್ದದ್ದು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ. ಕಿಡಿಗಾಗಿ ಕರೆಂಟ್ ಕೂಡಿಸಿ ಕಡಿಯುವ ಸ್ವಿಚ್, ಅಂದರೆ ಪಾಯಿಂಟ್‌ಗೆ ಹೋಗುವ ಸಣ್ಣ ವೈರ್ ಒಳಗೇ ತುಂಡಾಗಿ, ಹೊರಗಿನ ಕವಚ ಮಾತ್ರ ಹಿಡಿದುಕೊಂಡಿತ್ತು. ಟ್ಯೂನ್ ಮಾಡುವಾಗ ಮೊದಲು ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದ ಸಂದು, ಆಮೇಲೆ ಪಾಯಿಂಟ್ ಮತ್ತು ಪ್ಲಗ್, ಆಮೇಲೆ ಕಿಡಿ ಬರುವ ಸಮಯ, ಅಂದರೆ ಟೈಮಿಂಗ್, ಎಲ್ಲಕ್ಕಿಂತ ಕೊನೆಗೆ ಕಾರ್ಬೊರೇಟರ್. ಈ ಸರದಿ ತಪ್ಪಿದರೆ ಸುತ್ತುತ್ತಲೇ ಇರುತ್ತೀರಿ. ಟ್ಯಾಪೆಟ್ ಸಂದು ಎಂಜಿನ್ ತಣ್ಣಗಿದ್ದಾಗ 0.38 ಎಂಎಂ, ಪ್ಲಗ್ 0.64. ಸಾಲಾಗಿರುವ ಎಂಟು ವಾಲ್ವ್‌ಗಳ ಟ್ಯಾಪೆಟ್‌ಗೆ ಒಂಬತ್ತರ ಲೆಕ್ಕ ಹಿಡಿಯಿರಿ. 1ನೇ ವಾಲ್ವ್ ಪೂರ್ತಿ ಒತ್ತಿಕೊಂಡಿದ್ದಾಗ 8ನೆಯದನ್ನು ಸೆಟ್ ಮಾಡುವುದು, 3 ಒತ್ತಿದ್ದಾಗ 6. ಯಾವಾಗಲೂ ಕೂಡಿದರೆ ಒಂಬತ್ತು.

ಎಸ್‌ಯು ಕಾರ್ಬೊರೇಟರ್ ಟ್ಯೂನ್ ಮಾಡುವುದು ನನಗೆ ಇಡೀ ಕೆಲಸದಲ್ಲೇ ಇಷ್ಟದ ಭಾಗ. ಏರ್ ಫಿಲ್ಟರ್ ತೆಗೆಯಿರಿ. ಎಂಜಿನ್ ಬಿಸಿಯಾಗಿರಲಿ. ಒಂದು ಸಣ್ಣ ರಬ್ಬರ್ ಕೊಳವೆಯ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ. 'ಸ್ಸ್' ಅಂತ ಗಾಳಿ ಎಳೆಯುವ ಸದ್ದು ಕೇಳುತ್ತದೆ. ಎರಡು ಕಾರ್ಬೊರೇಟರ್‌ನಲ್ಲೂ ಸದ್ದು ಒಂದೇ ಸಮ ಆಗುವವರೆಗೆ ಥ್ರಾಟಲ್ ಸ್ಕ್ರೂ ತಿರುಗಿಸಬೇಕು. ಇದಕ್ಕೆ ಮೀಟರ್ ಸಿಗುತ್ತದೆ, ನನಗೆ ಕಿವಿಯೇ ಸಾಕಾಯಿತು. ಆಮೇಲೆ ಮಿಶ್ರಣ. ಪಕ್ಕದಲ್ಲಿರುವ ಪುಟ್ಟ ಪಿನ್ ಒತ್ತಿ ಕಾರ್ಬೊರೇಟರ್ ಒಳಗಿನ ಪಿಸ್ಟನ್ನನ್ನು ಸುಮಾರು ಒಂದು ಎಂಎಂ ಎತ್ತಿ. ಎಂಜಿನ್ ಒಂದು ಕ್ಷಣ ಏರಿ ಮತ್ತೆ ತನ್ನ ಲಯಕ್ಕೆ ಬಂದರೆ ಸರಿ. ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಕುಸಿದು ನಿಲ್ಲುವ ಹಾಗಾದರೆ ಕಡಿಮೆ. ಕೆಳಗಿನ ಆರು ಮುಖದ ನಟ್ಟನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ, ಮತ್ತೆ ಎತ್ತಿ ಕೇಳಿ. ಆ ಪಿಸ್ಟನ್ ಏರುವುದನ್ನು ನಿಧಾನಿಸುವ ಮೇಲಿನ ಡ್ಯಾಶ್‌ಪಾಟ್‌ಗೆ ತೆಳು ಆಯಿಲ್ ಹಾಕುವುದು ಮರೆತರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೆಮ್ಮುತ್ತದೆ. ನಾನು ಮರೆತಿದ್ದೆ.

ಈಗ ನಡೆಯುತ್ತಿರುವುದು ಬರೀ ಆರೈಕೆ. 5000 ಕಿಲೋಮೀಟರಿಗೊಮ್ಮೆ 20ಡಬ್ಲ್ಯೂ-50 ದರ್ಜೆಯ ಎಂಜಿನ್ ಆಯಿಲ್. ಗೇರ್‌ಬಾಕ್ಸ್‌ಗೂ ಇದೇ ಎಂಜಿನ್ ಆಯಿಲ್, ಗೇರ್ ಆಯಿಲ್ ಹಾಕಬಾರದು. ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಚ್ಚು, ಅಂದರೆ ಕಿಂಗ್‌ಪಿನ್‌ಗೆ ಒಂದೊಂದು ಕಡೆ ಮೂರು ಗ್ರೀಸ್ ನಿಪ್ಪಲ್. ಚಕ್ರ ನೆಲ ಬಿಟ್ಟು ಎತ್ತಿದ ಮೇಲೇ ಗ್ರೀಸ್ ಒತ್ತಬೇಕು, ಇಲ್ಲದಿದ್ದರೆ ತೂಕ ಬಿದ್ದಿರುವ ಕಡೆಗೆ ಅದು ಹೋಗುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸುತ್ತೇನೆ. ಈ ಕಾರಿಗೆ ಓಡುವುದಕ್ಕಿಂತ ನಿಂತಿರುವುದೇ ಕೆಟ್ಟದ್ದು.

ಕಳೆದ ಮಳೆಯಲ್ಲಿ ಒಮ್ಮೆ ನೆನೆದು ಬಂದೆವು. ಮಾರನೇ ದಿನ ತಿರುವಿನಲ್ಲಿ ಬಾಗಿಲ ಕೆಳಗಿನಿಂದ 'ಗುಳುಗುಳು' ಅಂತ ಸದ್ದು. ಬಲಕ್ಕೆ ತಿರುಗಿದರೂ ಅದೇ, ಎಡಕ್ಕೆ ತಿರುಗಿದರೂ ಅದೇ. ಮನೆಗೆ ಬಂದು ಕಾರಿನಡಿ ಮಲಗಿ ಟಾರ್ಚ್ ಬಿಟ್ಟೆ. ಸಿಲ್‌ನ ತಳದಲ್ಲಿ ನೀರು ಇಳಿಯಲೆಂದೇ ಕೊಟ್ಟ ತೂತುಗಳಿರುತ್ತವೆ. ಒಂದೂ ಕಾಣಲಿಲ್ಲ. ಬೂದು ಬಣ್ಣದ ಸೀಲರ್ ಎಲ್ಲವನ್ನೂ ನೀಟಾಗಿ ಮುಚ್ಚಿತ್ತು. ಸಣ್ಣ ಸ್ಕ್ರೂಡ್ರೈವರ್ ಚುಚ್ಚಿದೆ. ಒಂದು ಲೋಟದಷ್ಟು ನೀರು ನೇರ ತೋಳಿನೊಳಗೆ ಇಳಿಯಿತು. ನೀರು ತಿಳಿಯಾಗಿಯೇ ಇತ್ತು, ಇನ್ನೂ ಕಂದು ಬಣ್ಣ ಬಂದಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಮಗಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು.

"ಅಪ್ಪಾ, ಇದನ್ನ ಯಾರು ಮಾಡಿದ್ದು?"

"ಆ ವ್ಯಾಕ್ಸ್ ಡಬ್ಬಿ ತಗೊಂಡು ಬಾ" ಅಂದೆ.