ಮೂಲ ಎಡಕ್ಕೆ, ಪೋರ್ಟ್ ಬಲಕ್ಕೆ: ಹಳೆಯ ಕಂಪ್ಯೂಟರ್ ಆಟಗಳನ್ನು ಹೋಲಿಸುವ ಬಗೆ

ಹಳೆಯ ರೋಲ್ ಪ್ಲೇಯಿಂಗ್ ಆಟವೊಂದು ಕಂಪ್ಯೂಟರಿನಿಂದ ಟಿವಿಗೆ ಜೋಡಿಸುವ ಕನ್ಸೋಲ್‌ಗೆ ಪೋರ್ಟ್ ಆಗಿ, ಅಂದರೆ ಬೇರೆ ಯಂತ್ರಕ್ಕೆ ಹೊಂದಿಸಿದ ಆವೃತ್ತಿಯಾಗಿ, ಬಂದಾಗ ಏನೇನು ಬದಲಾಯಿತು ಎಂದು ಕೇಳಿದರೆ, ಹೆಚ್ಚಿನವರು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸುತ್ತಾರೆ. ಎಡಗಡೆ ನಾಲ್ಕು ಬಿಳಿ ಗೆರೆ, ಬಲಗಡೆ ಬಣ್ಣದ ಇಟ್ಟಿಗೆ ಗೋಡೆ. ಅಷ್ಟರಿಂದ ತಿಳಿಯುವುದು ಬಹಳ ಕಡಿಮೆ. ನಾನು ಮಂಗಳೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಎಡಕ್ಕೆ ಹಸ್ತಪ್ರತಿ, ಬಲಕ್ಕೆ ಕರಡು, ಸಾಲಿನ ಕೆಳಗೆ ಅಡಿಪಟ್ಟಿ. ಆಟಗಳನ್ನೂ ಹೀಗೆಯೇ ನೋಡುತ್ತೇನೆ. ಒಂದು ಸಣ್ಣ ಕೆಲಸ ಆರಿಸಿಕೊಳ್ಳಿ, ಎರಡೂ ಆವೃತ್ತಿಗಳಲ್ಲಿ ಅದನ್ನೇ ಮಾಡಿ, ಕಂಡ ವ್ಯತ್ಯಾಸವನ್ನು ಬರೆಯಿರಿ, ಅದರ ಮುಂದೆ ಕಾರಣ ಬರೆಯಿರಿ. ಕಾರಣದ ಕಾಲಂ ಖಾಲಿ ಉಳಿದರೆ ಹೋಲಿಕೆ ಮುಗಿದಿಲ್ಲ.

ಮೊದಲು ‘ಮೂಲ’ ಯಾವುದು ಎಂದು ಗಟ್ಟಿ ಮಾಡಿಕೊಳ್ಳಿ. ‘ಅಲ್ಟಿಮಾ 4’ 1985ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ ಆಟ. ಮಾಕಿಂಗ್‌ಬೋರ್ಡ್ ಎಂಬ ಧ್ವನಿ ಕಾರ್ಡ್ ಇದ್ದರೆ ಅದರಲ್ಲಿ ಸಂಗೀತ ಕೇಳಿಸುತ್ತಿತ್ತು. ಆಮೇಲೆ ಐಬಿಎಂ ಮಾದರಿಯ ಪಿಸಿಗಳಿಗೆ ಬಂದ ಡಾಸ್ ಆವೃತ್ತಿಯಲ್ಲಿ ಸಂಗೀತವೇ ಇಲ್ಲ. ಇಂದು ಆಟಗಳನ್ನು ಮಾರುವ ಜಿಒಜಿ ತಾಣದಲ್ಲಿ ಉಚಿತವಾಗಿ ಸಿಗುವುದು ಈ ಡಾಸ್ ಆವೃತ್ತಿ. ಅದನ್ನಷ್ಟೇ ಆಡಿದವರು ‘ಸಂಗೀತ ಸೇರಿಸಿದ್ದು ಕನ್ಸೋಲ್‌ನವರು’ ಎಂದು ಸಲೀಸಾಗಿ ಬರೆದುಬಿಡುತ್ತಾರೆ. ಸಂಖ್ಯೆಗಳನ್ನೂ ನಂಬಬೇಡಿ. ‘ವಿಝರ್ಡ್ರಿ’ ಸರಣಿಯ ಎರಡನೆಯ ಮತ್ತು ಮೂರನೆಯ ಆಟಗಳು ನಿಂಟೆಂಡೊ ಕಂಪನಿಯ ಜಪಾನಿನ ಕನ್ಸೋಲ್ ಫ್ಯಾಮಿಕಾಮ್‌ನಲ್ಲಿ ಅದಲುಬದಲಾಗಿವೆ. ಅಲ್ಲಿ ‘2’ ಎಂದು ಬಂದದ್ದು ಕಂಪ್ಯೂಟರಿನ ಮೂರನೆಯ ಆಟ.

ಇನ್ನು ಸಿದ್ಧತೆ. ಡಾಸ್ ಆಟಗಳ ಚಿತ್ರ 320 ಗುಣಿಸು 200 ಚುಕ್ಕೆಗಳದ್ದಾದರೂ ಅಂದಿನ ಪರದೆಯ ಅನುಪಾತ 4:3. ಹಾಗಾಗಿ ಒಂದೊಂದು ಚುಕ್ಕೆಯೂ ಅಗಲಕ್ಕಿಂತ ಎತ್ತರವಾಗಿ ಕಾಣುತ್ತಿತ್ತು. ಇಂದಿನ ಕಂಪ್ಯೂಟರಿನಲ್ಲಿ ಡಾಸ್ ಆಟ ಓಡಿಸುವ ಡಾಸ್‌ಬಾಕ್ಸ್‌ ಎಂಬ ತಂತ್ರಾಂಶದಲ್ಲಿ ಅನುಪಾತದ ಆಯ್ಕೆಯನ್ನು ಆನ್ ಮಾಡದಿದ್ದರೆ ಮನುಷ್ಯರೆಲ್ಲ ಕುಳ್ಳಗಾಗುತ್ತಾರೆ, ಆ ದೋಷ ಮೂಲ ಆಟದ ತಲೆಗೆ ಬರುತ್ತದೆ. ಹಳೆಯ ಕಾರ್ಟ್ರಿಡ್ಜ್‌ನಲ್ಲಿ ಆಡುವವರು ಒಳಗಿನ ನಾಣ್ಯದಾಕಾರದ ಬ್ಯಾಟರಿ ಬದುಕಿದೆಯೇ ನೋಡಿಕೊಳ್ಳಬೇಕು. ಉಳಿಸಿದ ಆಟ ನಿಂತಿರುವುದು ಅದರ ಮೇಲೆ. ನಮ್ಮ ಕಡಲ ತಡಿಯ ಹವೆಗೆ ತಾಮ್ರದ ಕಾಲುಗಳಿಗೆ ಹಸಿರು ಕಟ್ಟುವುದು ಮಾಮೂಲು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಹಾಕಿ. ಆಟಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಆದ್ದರಿಂದ ಟಿಪ್ಪಣಿ ಕಾಗದದ ಮೇಲೇ ಇರಲಿ. ತೊಂಬತ್ತರ ದಶಕದಲ್ಲಿ ಇಲ್ಲಿ ‘ಟಿವಿ ಗೇಮ್’ ಎಂದು ಮಾರುತ್ತಿದ್ದ ಪೆಟ್ಟಿಗೆಗಳು ಫ್ಯಾಮಿಕಾಮ್‌ನ ನಕಲುಗಳೇ. ಆದರೆ ಸಾವಿರಾರು ಆಟಗಳಿವೆ ಎಂದು ಬರೆದುಕೊಂಡು ಬರುತ್ತಿದ್ದ ಆ ಹಳದಿ ಕ್ಯಾಸೆಟ್‌ಗಳಲ್ಲಿ ಇಂಥ ನಿಧಾನದ ಆಟಗಳನ್ನು ಹುಡುಕಿ ಪ್ರಯೋಜನವಿಲ್ಲ.

ಮೊದಲ ಅಭ್ಯಾಸಕ್ಕೆ 1981ರ ‘ವಿಝರ್ಡ್ರಿ’ಯೇ ಸರಿ. ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಆಪಲ್ 2ಗಾಗಿ ಬರೆದದ್ದು. ಹತ್ತು ಮಹಡಿಗಳ ನೆಲಮಾಳಿಗೆ, ಪ್ರತಿ ಮಹಡಿ ಅಡ್ಡಕ್ಕೆ ಇಪ್ಪತ್ತು, ಉದ್ದಕ್ಕೆ ಇಪ್ಪತ್ತು ಮನೆ. ಹಂಪನಕಟ್ಟೆಯ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಗ್ರಾಫ್ ಹಾಳೆ ಸಿಗುತ್ತದೆ, ತಂದಿಟ್ಟುಕೊಳ್ಳಿ. 1987ರಲ್ಲಿ ಫ್ಯಾಮಿಕಾಮ್‌ಗೆ ಬಂದ ಪೋರ್ಟ್ ಮೇಲ್ನೋಟಕ್ಕೆ ಎಲ್ಲದರಲ್ಲೂ ಮೇಲು. ಜುನ್ ಸುಯೆಮಿ ಬಿಡಿಸಿದ ರಾಕ್ಷಸರು, ಕೆಂತಾರೊ ಹನೆದ ಅವರ ಸಂಗೀತ. ಚಿತ್ರ ನೋಡಿ ತೀರ್ಪು ಕೊಡುವವರು ಇಲ್ಲಿಗೇ ಎದ್ದು ಹೋಗುತ್ತಾರೆ.

ನೀವು ಕುಳಿತುಕೊಳ್ಳಿ. ಒಬ್ಬ ಯೋಧನಿಗೆ ಸಿಕ್ಕಷ್ಟು ಒಳ್ಳೆಯ ಕವಚ, ಗುರಾಣಿ, ಶಿರಸ್ತ್ರಾಣ ತೊಡಿಸಿ. ಮೊದಲ ಮಹಡಿಯಲ್ಲಿ ಒಂದೇ ಜಾತಿಯ ಶತ್ರುಗಳೊಂದಿಗೆ ಕಾದಾಡಿ, ಅವರು ಬೀಸಿದ ಏಟುಗಳಲ್ಲಿ ಎಷ್ಟು ತಗುಲಿದವು, ಎಷ್ಟು ತಪ್ಪಿದವು ಎಂದು ಗೀಟು ಹಾಕುತ್ತಾ ಹೋಗಿ. ಆಮೇಲೆ ಎಲ್ಲವನ್ನೂ ಬಿಚ್ಚಿಸಿ, ಬರಿಮೈಯಲ್ಲಿ ಅಷ್ಟೇ ಏಟುಗಳನ್ನು ಎಣಿಸಿ. ಹತ್ತು ಏಟು ಸಾಲದು, ಐವತ್ತಾದರೂ ಬೇಕು. ಕಂಪ್ಯೂಟರಿನಲ್ಲಿ ಎರಡು ಸಾಲುಗಳ ನಡುವೆ ಅಂತರ ಕಾಣುತ್ತದೆ. ಫ್ಯಾಮಿಕಾಮ್‌ನಲ್ಲಿ ಕಾಣುವುದಿಲ್ಲ, ಏಕೆಂದರೆ ಆ ಪೋರ್ಟ್‌ನಲ್ಲಿ ರಕ್ಷಾಂಕ, ಅಂದರೆ ಕವಚ ಎಷ್ಟು ಕಾಪಾಡುತ್ತದೆಂದು ಹೇಳುವ ಅಂಕಿ, ಹೊಡೆತದ ಲೆಕ್ಕಕ್ಕೆ ಸೇರುವುದೇ ಇಲ್ಲ. ಪರದೆಯ ಮೇಲೆ ಅಂಕಿ ಇಳಿಯುತ್ತದೆ, ಈ ಆಟದಲ್ಲಿ ಇಳಿದಷ್ಟೂ ಒಳ್ಳೆಯದು, ಆದರೆ ಏಟು ಮಾತ್ರ ಮೊದಲಿನ ಹಾಗೆಯೇ ಬೀಳುತ್ತಿರುತ್ತದೆ. ಇದು ಪ್ರೋಗ್ರಾಮಿನ ದೋಷ. ಕಾರಣದ ಕಾಲಂನಲ್ಲಿ ‘ತಪ್ಪು’ ಎಂದು ಬರೆಯಿರಿ. ಶ್ರದ್ಧೆಯಿಂದ ಮಾಡಿದ ಪೋರ್ಟ್‌ನ ಅತಿ ದೊಡ್ಡ ಬದಲಾವಣೆ ಯಾವ ಚಿತ್ರದಲ್ಲೂ ಕಾಣಿಸದು.

ಅದೇ ಆಟದಲ್ಲಿ ಇನ್ನೊಂದು ಕೆಲಸ: ಮಂತ್ರ ಹಾಕುವುದು. ಮೂಲದಲ್ಲಿ ‘ಹಾಲಿಟೊ’ ಎಂದು ಅಕ್ಷರ ತಪ್ಪದೆ ಟೈಪ್ ಮಾಡಬೇಕು, ಅಂದರೆ ಕೈಪಿಡಿ ಓದಿರಲೇಬೇಕು. ಕನ್ಸೋಲ್‌ನಲ್ಲಿ ಪಟ್ಟಿಯಿಂದ ಆರಿಸಿದರೆ ಮುಗಿಯಿತು. ಕಾರಣ ‘ಕೀಬೋರ್ಡ್ ಇಲ್ಲ’. ಕರಡು ತಿದ್ದುವವಳಾಗಿ ಅಕ್ಷರ ಶುದ್ಧಿಗೆ ಬಹುಮಾನ ಕೊಡುವ ಆಟವನ್ನು ನಾನು ಬಿಟ್ಟುಕೊಡಲಾರೆ, ಆದರೆ ಇದನ್ನು ನಷ್ಟದ ಪಟ್ಟಿಗೆ ಸೇರಿಸುವಂತೆ ನಿಮ್ಮನ್ನು ಒತ್ತಾಯಿಸುವುದಿಲ್ಲ.

ಕೀಬೋರ್ಡ್ ಇಲ್ಲದ್ದು ನಿಜವಾಗಿ ನೋಯುವುದು ‘ಅಲ್ಟಿಮಾ 4’ರಲ್ಲಿ. ಅಲ್ಲಿ ಊರಿನವರೊಂದಿಗೆ ಮಾತನಾಡುವುದೇ ಟೈಪ್ ಮಾಡಿ. ಹೆಸರು ಕೇಳಿ, ಕೆಲಸ ಕೇಳಿ, ಅವರು ಕೊಟ್ಟ ಉತ್ತರದಲ್ಲಿ ಯಾವ ಮಾತು ಸುಮ್ಮನೆ ಬಂದಿಲ್ಲ ಎಂದು ಊಹಿಸಿ, ಅದನ್ನೇ ತಿರುಗಿ ಕೇಳಬೇಕು. ಕಿವಿಗೊಡುವುದೇ ಆಟ. 1990ರ ಎನ್‌ಇಎಸ್ (ಫ್ಯಾಮಿಕಾಮ್‌ನ ಹೊರದೇಶದ ರೂಪ) ಪೋರ್ಟ್‌ನಲ್ಲಿ ಟೈಪ್ ಮಾಡುವುದು ಹೋಯಿತು, ಸಂಭಾಷಣೆಗಳೂ ಗಿಡ್ಡವಾದವು. ಇಡೀ ರಾತ್ರಿಯ ಬಯಲಾಟವನ್ನು ಕಾಲಮಿತಿಗೆ ಇಳಿಸಿದಾಗ ಕಥೆ ಪೂರ್ತಿ ಇರುತ್ತದೆ, ಒಡ್ಡೋಲಗ ಮಾತ್ರ ಎರಡು ಸುತ್ತಿನಲ್ಲಿ ಮುಗಿದಿರುತ್ತದಲ್ಲ, ಇದೂ ಹಾಗೆಯೇ. ಹೋಲಿಕೆಗೆ ನಾನು ಆರಿಸುವ ದೃಶ್ಯ ಗಿಡಮೂಲಿಕೆಯ ಅಂಗಡಿ. ಮೂಲದಲ್ಲಿ ಅಂಗಡಿಯವಳು ಕುರುಡಿ. ಅವಳು ಬೆಲೆ ಹೇಳುತ್ತಾಳೆ, ಎಷ್ಟು ನಾಣ್ಯ ಕೊಡುತ್ತೀರಿ ಎಂಬುದನ್ನು ನೀವೇ ಟೈಪ್ ಮಾಡಬೇಕು. ಕಡಿಮೆ ಕೊಟ್ಟರೆ ಅವಳು ಏನೂ ಅನ್ನುವುದಿಲ್ಲ. ಆಟ ಮಾತ್ರ ನಿಮ್ಮ ಪ್ರಾಮಾಣಿಕತೆಯ ಲೆಕ್ಕದಿಂದ ಸದ್ದಿಲ್ಲದೆ ಕಳೆಯುತ್ತದೆ. ನಿಮ್ಮ ಪೋರ್ಟ್‌ನಲ್ಲಿ ಅದೇ ಅಂಗಡಿಗೆ ಹೋಗಿ, ಮೋಸ ಮಾಡುವ ಅವಕಾಶ ಉಳಿದಿದೆಯೇ ನೋಡಿ. ಎಂಟು ಸದ್ಗುಣಗಳನ್ನು ಸಾಧಿಸುವುದೇ ಗುರಿಯಾದ ಈ ಆಟದಲ್ಲಿ ಈ ಒಂದು ಪರೀಕ್ಷೆ ನೂರು ಚಿತ್ರಗಳಿಗಿಂತ ಹೆಚ್ಚು ಹೇಳುತ್ತದೆ. ಅದೇ ವರ್ಷದ ಸೆಗಾ ಮಾಸ್ಟರ್ ಸಿಸ್ಟಮ್ ಆವೃತ್ತಿ ಎನ್‌ಇಎಸ್‌ಗಿಂತ ಮೂಲಕ್ಕೆ ಹತ್ತಿರ, ಸಿಕ್ಕರೆ ಮೂರನೆಯ ಕಾಲಂ ಹಾಕಿಕೊಳ್ಳಿ.

ಕೆಲವು ಬದಲಾವಣೆಗಳಿಗೆ ಯಂತ್ರ ಕಾರಣವಲ್ಲ, ಮಾರುಕಟ್ಟೆ. 1992ರ ‘ಅಲ್ಟಿಮಾ 7’ ಟ್ರಿನ್ಸಿಕ್ ಎಂಬ ಊರಿನ ಕುದುರೆ ಲಾಯದಲ್ಲಿ ನಡೆದ ಭೀಕರ ಕೊಲೆಯಿಂದ ಆರಂಭವಾಗುತ್ತದೆ. ಎರಡು ವರ್ಷದ ನಂತರದ ಸೂಪರ್ ನಿಂಟೆಂಡೊ ಆವೃತ್ತಿಯಲ್ಲಿ ಆ ಕೊಲೆ ಅಪಹರಣವಾಗಿದೆ. ಜೊತೆಗಾರರೂ ಇಲ್ಲ, ನಾಯಕ ಒಬ್ಬಂಟಿ. ಮೊದಲನೆಯದಕ್ಕೆ ನಿಂಟೆಂಡೊ ಅಂದು ಪಾಲಿಸುತ್ತಿದ್ದ ರಕ್ತ, ಹಿಂಸೆಯ ಕಟ್ಟಳೆಗಳನ್ನು ನೋಡಿ, ಎರಡನೆಯದಕ್ಕೆ ಯಂತ್ರದ ಮಿತಿಯನ್ನು ನೋಡಿ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ನೈಜ ಸಮಯದಲ್ಲಿ ಓಡುವ ಆಟಗಳಿಗೆ ಇಬ್ಬರು ಬೇಕು. ಉಡುಪಿಯಿಂದ ಅಣ್ಣನ ಮಗ ಬಂದಾಗ ‘ಡಂಜನ್ ಮಾಸ್ಟರ್’ ಹಾಕುತ್ತೇವೆ. 1987ರ ಅಟಾರಿ ಎಸ್‌ಟಿ ಕಂಪ್ಯೂಟರಿನ ಮೂಲ ಆವೃತ್ತಿ ನನಗೆ, ಸೂಪರ್ ನಿಂಟೆಂಡೊ ಆವೃತ್ತಿ ಅವನಿಗೆ. ನಿಷ್ಠೆಯ ದೃಷ್ಟಿಯಿಂದ ಇದು ಒಳ್ಳೆಯ ಪೋರ್ಟ್. ಕಾರ್ಟ್ರಿಡ್ಜ್‌ನೊಳಗೆ ಡಿಎಸ್‌ಪಿ-2 ಎಂಬ ಸಹಾಯಕ ಚಿಪ್ ಕೂಡ ಇದೆ, ಆ ಚಿಪ್ ಬಳಸಿದ ಆಟ ಇದೊಂದೇ. ಆದರೆ ಬೆಂಕಿಯುಂಡೆಯ ಮಂತ್ರಕ್ಕೆ ಮೊದಲು ಶಕ್ತಿಯ ಚಿಹ್ನೆ, ಆಮೇಲೆ ‘ಫುಲ್’, ಆಮೇಲೆ ‘ಇರ್’ ಒತ್ತಿ, ಕೊನೆಗೆ ಮಂತ್ರ ಬಿಡಬೇಕು. ಮೌಸ್ ಹಿಡಿದ ನನಗೆ ಅದು ಒಂದು ಉಸಿರಿನ ಕೆಲಸ. ಅವನು ಕಂಟ್ರೋಲರ್‌ನಿಂದ ಬಾಣದ ಗುರುತನ್ನು ಮೂಲೆಯಿಂದ ಮೂಲೆಗೆ ತಳ್ಳಬೇಕು. “ಅತ್ತೆ, ಎರಡನೇ ಚಿಹ್ನೆ ಒತ್ತುವಷ್ಟರಲ್ಲಿ ಮಮ್ಮಿ ಮುಖಕ್ಕೇ ಬಂದು ನಿಂತಿದೆ” ಎಂದು ದೂರುತ್ತಾನೆ. ನೆಲಮಾಳಿಗೆ ಅದೇ, ಮಂತ್ರ ಅದೇ, ಕಷ್ಟ ಬೇರೆ. ಇಂಥಲ್ಲಿ ಗಡಿಯಾರ ಹಿಡಿದು ಸೆಕೆಂಡು ಬರೆಯಿರಿ. ‘ನಿಧಾನ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ.

1998ರ ‘ಬಾಲ್ಡರ್ಸ್ ಗೇಟ್’ 2019ರಲ್ಲಿ ಕನ್ಸೋಲ್‌ಗಳಿಗೆ ಬಂತು. ಹೋಲಿಸುವಾಗ ಎರಡು ಕಾಲಂ ಸಾಲದು. ಕನ್ಸೋಲ್‌ಗೆ ಬಂದದ್ದು 2012ರ ಎನ್‌ಹ್ಯಾನ್ಸ್ಡ್ ಎಡಿಷನ್ ಎಂಬ ಪರಿಷ್ಕೃತ ಆವೃತ್ತಿ, ಮೂಲ ಆಟವಲ್ಲ. ಹೊಸ ಪಾತ್ರಗಳು, ತಿದ್ದಿದ ದೋಷಗಳು ಎಲ್ಲ ಕಂಪ್ಯೂಟರಿನಲ್ಲೇ ಮೊದಲು ಸೇರಿದವು. 1998, 2012, 2019 ಎಂದು ಮೂರು ಕಾಲಂ ಎಳೆದು, ಪ್ರತಿಯೊಂದು ಬದಲಾವಣೆ ಯಾವ ಗೆರೆ ದಾಟುವಾಗ ಆಯಿತು ಎಂದು ಗುರುತಿಸಿ. ಕನ್ಸೋಲ್‌ನ ಪಾಲಿಗೆ ಉಳಿಯುವುದು ಮುಖ್ಯವಾಗಿ ಕೈಗೆ ಸಂಬಂಧಿಸಿದ್ದು: ಕಂಟ್ರೋಲರ್‌ನ ಕಡ್ಡಿಯಿಂದ ಪಾತ್ರವನ್ನು ನೇರ ನಡೆಸುವುದು, ಚಕ್ರದಾಕಾರದ ಮೆನು. ಪರೀಕ್ಷೆಗೆ ಫ್ರೆಂಡ್ಲಿ ಆರ್ಮ್ ಇನ್ ಎಂಬ ಛತ್ರದ ಮೆಟ್ಟಿಲ ಬಳಿ ಕಾದಿರುವ ಮಂತ್ರವಾದಿ ಟಾರ್ನೆಶ್ ಸಾಕು. ಅವನು ಬಾಯಿ ತೆರೆದೊಡನೆ ಆಟ ನಿಲ್ಲಿಸಿ, ಜೊತೆಗಾರರೆಲ್ಲರಿಗೂ ಬೇರೆಬೇರೆ ಆಜ್ಞೆ ಕೊಡಿ, ಮೂರು ಕಾಲಂಗಳಲ್ಲೂ ಎಷ್ಟು ಬಾರಿ ಗುಂಡಿ ಒತ್ತಿದಿರಿ ಎಂದು ಎಣಿಸಿ ಬರೆಯಿರಿ. ಆಟ ನಿಂತಿರುವುದರಿಂದ ಗಡಿಯಾರ ಇಲ್ಲಿ ಬೇಡ.