ಮರದ ಲ್ಯಾಟಿನ್ ಹೆಸರು ಓದುವುದು ಹೇಗೆ?

ಲಾಲ್‌ಬಾಗ್‌ನಲ್ಲಿ ಮರದ ಫಲಕ ನೋಡುವಾಗ ಕನ್ನಡದ ಹೆಸರು ಓದಿ ಮುಂದೆ ಹೋಗುವವರೇ ಜಾಸ್ತಿ. ಜೊತೆಗಿರುವ ಲ್ಯಾಟಿನ್ ಹೆಸರನ್ನೂ ಓದಿ. ಹತ್ತಿಪ್ಪತ್ತು ಪದ ಗೊತ್ತಿದ್ದರೆ ಸಾಕು, ಮರದ ಬಗ್ಗೆ ಎಷ್ಟೋ ವಿಷಯ ಅಲ್ಲೇ ಸಿಗುತ್ತದೆ.

ಮೊದಲು ಎರಡನೇ ಪದ ನೋಡಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ತಮಗೆ ಗೊತ್ತಿದ್ದ ಗಿಡಮರಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟರು. ಮೊದಲನೆಯದು ಕುಲ, ಎರಡನೆಯದು ಆ ಕುಲದಲ್ಲಿ ಯಾವುದು ಎಂಬುದು. ಆಲ, ಅರಳಿ, ಅತ್ತಿ ಮೂರೂ ಫೈಕಸ್. ಆಲ ಬೆಂಗಾಲೆನ್ಸಿಸ್, ಅರಳಿ ರಿಲಿಜಿಯೋಸಾ, ಅತ್ತಿ ರೆಸಿಮೋಸಾ. ರೆಸಿಮೋಸಾ ಅಂದರೆ ಗೊಂಚಲು ಬಿಡುವುದು. ಅತ್ತಿಮರದ ಕಾಂಡಕ್ಕೇ ಕಚ್ಚಿಕೊಂಡ ಕಾಯಿಗೊಂಚಲನ್ನು ಒಮ್ಮೆ ನೋಡಿ, ಆಮೇಲೆ ಆ ಪದ ಮರೆಯುವುದೇ ಇಲ್ಲ.

ಆಮೇಲೆ ಪದದ ಕೊನೆ ಗಮನಿಸಿ. ‘ಎನ್ಸಿಸ್’ ಎಂದು ಮುಗಿದರೆ ಊರು ಅಥವಾ ನಾಡು. ಹಳದಿ-ಕೆಂಪು ಹೂವು ಜೋತುಬೀಳುವ ಬಳ್ಳಿ ಥನ್‌ಬರ್ಜಿಯಾ ಮೈಸೊರೆನ್ಸಿಸ್, ನಮ್ಮ ಮೈಸೂರಿನದೇ ಹೆಸರು. ಗಂಡಸರ ನೆನಪಿಗೆ ಇಟ್ಟ ಹೆಸರು ಸಾಮಾನ್ಯವಾಗಿ ‘ಇ’ ಎಂದು, ಹೆಂಗಸರದು ‘ಎ’ ಎಂದು ಮುಗಿಯುತ್ತದೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರ ಗೌರವಕ್ಕೆ 2019ರಲ್ಲಿ ಪಶ್ಚಿಮಘಟ್ಟದ ಒಂದು ಹಲ್ಲಿಗೆ ದ್ರಾವಿಡೋಗೆಕ್ಕೊ ಜಾನಕಿಯೆ ಎಂದು ಹೆಸರಿಟ್ಟರು. ಎಷ್ಟು ಚೆನ್ನಾಗಿದೆ ಅಲ್ವಾ!

ಬಣ್ಣದ ಪದ ಸುಲಭ. ಆಲ್ಬಮ್, ಆಲ್ಬಾ ಎರಡೂ ಬಿಳಿ; ಶ್ರೀಗಂಧ ಸಾಂಟಲಮ್ ಆಲ್ಬಮ್. ರೋಸಿಯಾ ಗುಲಾಬಿ, ಬೆಂಗಳೂರಿನ ರಸ್ತೆಗಳಲ್ಲಿ ಹೂ ಚೆಲ್ಲುವ ಟಬೆಬುಯಾ ರೋಸಿಯಾ ನಿಮಗೆ ಗೊತ್ತೇ ಇದೆ. ಕುಲದ ಹೆಸರಿನ ಲಿಂಗ ನೋಡಿ ಪದದ ಕೊನೆ ಬದಲಾಗುತ್ತದೆ. ಫೈಕಸ್ ಪುಲ್ಲಿಂಗದಂತೆ ಕಂಡರೂ ಲ್ಯಾಟಿನ್‌ನಲ್ಲಿ ಮರಗಳು ಹೆಚ್ಚಾಗಿ ಸ್ತ್ರೀಲಿಂಗ. ಅದಕ್ಕೇ ರಿಲಿಜಿಯೋಸಾ, ರಿಲಿಜಿಯೋಸಸ್ ಅಲ್ಲ.

ನೆನಪಿಡಲು ಪರಿಚಯದವರ ಹೆಸರು ಹಿಡಿದುಕೊಳ್ಳಿ. ಫ್ರೇಜರ್ ಟೌನ್ ಕಡೆ ಸಿಲ್ವಿಯಾ, ಸ್ಟೆಲ್ಲಾ, ಫೆಲಿಕ್ಸ್ ಎನ್ನುವವರು ಸಿಗುತ್ತಾರೆ. ಸಿಲ್ವ ಅಂದರೆ ಕಾಡು. ಈಚಲು ಮರ ಫೀನಿಕ್ಸ್ ಸಿಲ್ವೆಸ್ಟ್ರಿಸ್. ಸ್ಟೆಲ್ಲಾ ನಕ್ಷತ್ರ, ಫೆಲಿಕ್ಸ್ ಅದೃಷ್ಟವಂತ.

ಒಂದು ಎಚ್ಚರಿಕೆ. ಇಂಡಿಕಾ ಎಂದ ಮಾತ್ರಕ್ಕೆ ಮೂಲ ಭಾರತ ಎಂದುಕೊಳ್ಳಬೇಡಿ. ಹುಣಸೆ ಟ್ಯಾಮರಿಂಡಸ್ ಇಂಡಿಕಾ, ಆದರೆ ಅದರ ತವರು ಆಫ್ರಿಕಾ.

ಪುಸ್ತಕದಲ್ಲಿ ಬರೆದುಕೊಳ್ಳುವಾಗ ಎರಡೂ ಪದಕ್ಕೆ ಅಡಿಗೆರೆ ಎಳೆಯಿರಿ. ಸಂಶೋಧನೆ ಮುಂದುವರಿದಂತೆ ಕುಲದ ಹೆಸರು ಬದಲಾಗುವುದುಂಟು. ಹೊಂಗೆ ಮೊದಲು ಪೊಂಗಾಮಿಯ ಪಿನ್ನೇಟ, ಈಗ ಹಲವರು ಮಿಲೆಟಿಯ ಪಿನ್ನೇಟ ಎನ್ನುತ್ತಾರೆ. ಗರಿಯಂಥ ಎಲೆಯನ್ನು ಹೇಳುವ ಪಿನ್ನೇಟ ಹಾಗೇ ಉಳಿದಿದೆ. ಹಳೆಯ ಫಲಕದ ಹೆಸರು ಹೊಸ ಪುಸ್ತಕದಲ್ಲಿ ಸಿಗದಿದ್ದರೆ ಎರಡನೇ ಪದ ಹಿಡಿದು ಹುಡುಕಿ.